ಬಾಲಶಿಕ್ಷಣದಲ್ಲಿ ಪದಬಂಧದ ಸ್ಥಾನ

ಒಗಟು ಕನ್ನಡನಾಡಿಗೆ ಹೊಸತಲ್ಲ. ಹಿರಿಯರ ಬಾಯಿಂದ ಒಗಟನ್ನು ಕೇಳಿ, ಉತ್ತರ ತೋಚದೆ ಸೋತು, ಮರುದಿನ ಅದನ್ನೇ ಓರಗೆಯವರಿಗೆ ಒಡ್ಡಿ ಗೆಲ್ಲುವುದು ಇಲ್ಲಿಯ ಮಕ್ಕಳ ಹಳೆಯ ವಿನೋದ. ಪಂಡಿತರ ಗೋಷ್ಠಿಗಳಲ್ಲಿಯೂ ಇದಕ್ಕೆ ಮನ್ನಣೆಯಿದ್ದಿತು. ದಂಡಿಯು ತನ್ನ ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ ಪ್ರಹೇಲಿಕೆಯ 16 ಬಗೆಗಳನ್ನು ವಿವರಿಸಿ, ಕ್ರೀಡಾಗೋಷ್ಠಿಯ ವಿನೋದಕ್ಕೂ, ಜನರ ನಡುವೆ ಗುಟ್ಟಾಗಿ ಮಾತನಾಡುವುದಕ್ಕೂ, ಇತರರನ್ನು ಭ್ರಮೆಗೊಳಿಸುವುದಕ್ಕೂ ಅದು ಉಪಯುಕ್ತವೆಂದು ಹೇಳಿದ್ದಾನೆ. ಈ ಮೂರರಲ್ಲಿ ಬೋಧನೆಯ ಪ್ರಯೋಜನವು ಸೇರಿಲ್ಲ. ಬಲ್ಲವರನ್ನು ತೊಡಕಿಗೆ ಸಿಕ್ಕಿಸುವುದು ಒಂದು ಕಲೆ. ಅರಿಯದ ಮಗುವಿಗೆ ಅರಿವು ಮೂಡಿಸುವುದು ಬೇರೊಂದು ಕಲೆ. ಓದು ಕಲಿಯುವ ಮಕ್ಕಳ ಕೈಗೆ ಕೊಡುವ ಪದಬಂಧಗಳನ್ನು ಈ ಭೇದವನ್ನು ಮನದಲ್ಲಿಟ್ಟುಕೊಂಡೇ ಪರೀಕ್ಷಿಸಬೇಕು.

ಚೌಕಗಳ ಪದಬಂಧವು ಹುಟ್ಟಿದುದು ಇಂಗ್ಲಿಷಿನಲ್ಲಿ. ಆರ್ಥರ್ ವಿನ್ ಎಂಬಾತನು ರಚಿಸಿದ ಮೊದಲ ಪದಬಂಧವು 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದಕ್ಕೂ ಮುಂಚೆ, 1877ರಲ್ಲಿ, ಲೂಯಿಸ್ ಕ್ಯಾರಲನು ಒಂದೊಂದೇ ಅಕ್ಷರವನ್ನು ಬದಲಿಸುತ್ತ ಒಂದು ಪದದಿಂದ ಇನ್ನೊಂದಕ್ಕೆ ಸಾಗುವ ಆಟವನ್ನು ಕಲ್ಪಿಸಿದ್ದನು. ಇವೆರಡೂ 26 ಬಿಡಿ ಅಕ್ಷರಗಳ ಲಿಪಿಯನ್ನು ನಂಬಿದ ಆಟಗಳು. ಕನ್ನಡದಲ್ಲಿ 49 ವರ್ಣಗಳಿದ್ದರೂ ಕಣ್ಣಿಗೆ ಕಾಣುವ ಅಕ್ಷರವು ಗುಣಿತ, ಒತ್ತುಗಳಿಂದ ನೂರಾರು ರೂಪಗಳನ್ನು ತಾಳುತ್ತದೆ. ಇವೆಲ್ಲ ಕೈವಶವಾಗಲು ನಾಲ್ಕನೆಯ, ಐದನೆಯ ತರಗತಿಯವರೆಗೂ ಕಾಲ ಹಿಡಿಯುವುದೆಂದು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸಿತು. ಆದುದರಿಂದ ಕನ್ನಡದ ಚೌಕದಲ್ಲಿ ನಿಲ್ಲಬೇಕಾದುದು ಇಡಿಯ ಅಕ್ಷರವೇ. ‘ಕಾಡು’ ಎಂಬುದು ‘ಕಾಲು’ ಎಂಬುದರೊಡನೆ ಮೊದಲ ಮನೆಯಲ್ಲಿ ಕೂಡಬಲ್ಲುದು. ‘ಕಡಲು’ ಎಂಬುದರೊಡನೆ ಅಲ್ಲಿ ಕೂಡಲಾರದು. ಈ ನಿರ್ಬಂಧವು ದೋಷವಲ್ಲ. ದೀರ್ಘ ಹ್ರಸ್ವಗಳ ಭೇದವನ್ನು ಬೆತ್ತವಿಲ್ಲದೆ ಕಲಿಸುವ ಗುರು. ಕ್ಯಾರಲನ ಆಟವೂ ಇಲ್ಲಿ ಹೊಸ ಗುಣವನ್ನು ಪಡೆಯುತ್ತದೆ. ‘ಕಲ್ಲು’ ‘ಹಲ್ಲು’ ಆದಾಗ ವ್ಯಂಜನ ಬದಲಾಯಿತು. ‘ಹಲ್ಲು’ ‘ಹುಲ್ಲು’ ಆದಾಗ ಸ್ವರ ಮಾತ್ರ ಬದಲಾಯಿತು. ಕಾಗುಣಿತವನ್ನು ನೂರು ಸಲ ಒಪ್ಪಿಸಿದರೂ ತಿಳಿಯದ ಮರ್ಮವು ಈ ಮೂರು ಪದಗಳಿಂದ ಮಗುವಿಗೆ ತಿಳಿದೀತು.

ಶಬ್ದಸಂಪತ್ತಿನ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಪದಬಂಧವು ಕಿವಿಗೆ ಪರಿಚಯವಿರುವ ಪದವನ್ನು ಕಣ್ಣಿಗೆ ಪರಿಚಯಿಸಬಲ್ಲುದು. ಎಂದೂ ಕೇಳದ ಪದವನ್ನು ಹುಟ್ಟಿಸಲಾರದು. ‘ತಾವರೆ, ನಾಲ್ಕು ಅಕ್ಷರ’ ಎಂಬ ಸೂಚನೆಯಿಂದ ‘ಸರಸಿಜ’ ಎಂದು ಬರೆಯುವ ಮಗುವು ಆ ಪದವನ್ನು ಮನೆಯಲ್ಲಿಯೇ ಕಲಿತಿರುತ್ತದೆ. ಮನೆಯಲ್ಲಿ ಪುಸ್ತಕವಿಲ್ಲದ ಮಗುವಿಗೆ ಆ ಖಾಲಿ ಮನೆಗಳು ಅವಮಾನದ ಗುರುತುಗಳಾಗುತ್ತವೆ. ಅಲ್ಲಿ ನಡೆದುದು ಪಾಠವಲ್ಲ, ಪರೀಕ್ಷೆ. ಹೊಸ ಪದವು ಮೊದಲು ಕಥೆಯಲ್ಲಿಯೋ ಹಾಡಿನಲ್ಲಿಯೋ ಬರಲಿ. ಬಳಿಕ ಚೌಕದಲ್ಲಿ ಕುಳಿತುಕೊಳ್ಳಲಿ.

ಎಲ್ಲಕ್ಕಿಂತ ದೊಡ್ಡ ತಪ್ಪು ನಡೆಯುವುದು ವಾಕ್ಯರಚನೆಯ ಆಟಗಳಲ್ಲಿ. ಚೆಲ್ಲಾಪಿಲ್ಲಿಯಾದ ಪದಗಳನ್ನು ಸರಿಯಾದ ಕ್ರಮದಲ್ಲಿಡಬೇಕೆಂಬ ಪದ್ಧತಿಯು ಇಂಗ್ಲಿಷಿಗೆ ಸಹಜ. ಅಲ್ಲಿ ಬೆಕ್ಕು ಇಲಿಗಳ ಸ್ಥಾನವನ್ನು ಅದಲು ಬದಲು ಮಾಡಿದರೆ ಹಿಡಿದವನೇ ಸಿಕ್ಕಿಬಿದ್ದವನಾಗುತ್ತಾನೆ. ಕನ್ನಡದಲ್ಲಿ ‘ಬೆಕ್ಕು ಇಲಿಯನ್ನು ಹಿಡಿಯಿತು’ ಎಂದರೂ, ‘ಇಲಿಯನ್ನು ಬೆಕ್ಕು ಹಿಡಿಯಿತು’ ಎಂದರೂ ಸತ್ತದ್ದು ಇಲಿಯೇ. ಎರಡನೆಯ ವಾಕ್ಯವನ್ನು ಬರೆದ ಮಗುವಿಗೆ ತಪ್ಪು ಗುರುತು ಹಾಕಿದರೆ ತಪ್ಪು ಮಾಡಿದವನು ಉಪಾಧ್ಯಾಯನು. ಆದರೆ ತನ್ನ ತಾಯ್ನುಡಿಯಲ್ಲಿ ನಂಬಿಕೆ ಕಳೆದುಕೊಳ್ಳುವುದು ಮಗು. ಕನ್ನಡದಲ್ಲಿ ಅರ್ಥದ ಕೀಲಿರುವುದು ವಿಭಕ್ತಿಯಲ್ಲಿ. ‘ಬೆಕ್ಕು, ಇಲಿ, ಹಿಡಿಯಿತು’ ಎಂಬ ಮೂರು ಚೀಟಿಗಳ ಜೊತೆಗೆ ‘ಅನ್ನು’ ಎಂಬ ನಾಲ್ಕನೆಯದನ್ನು ಕೊಟ್ಟು, ಅದನ್ನು ಯಾವುದಕ್ಕೆ ಸೇರಿಸಿದರೆ ಯಾರು ಉಳಿಯುತ್ತಾರೆಂದು ಕೇಳಬೇಕು. ಆಗ ಪ್ರತ್ಯಯವು ವ್ಯಾಕರಣದ ಪಟ್ಟಿಯಿಂದ ಇಳಿದು ಇಲಿಯ ಜೀವನ್ಮರಣದ ಪ್ರಶ್ನೆಯಾಗುವುದು. ಹಾಗೆಯೇ ‘ಬಂದನು, ಬಂದಳು, ಬಂದಿತು’ ಎಂಬ ಕ್ರಿಯಾಪದಗಳನ್ನು ಹುಡುಗ, ಹುಡುಗಿ, ಕರುಗಳಿಗೆ ಹೊಂದಿಸುವ ಆಟವೂ ಈ ನುಡಿಯ ಸ್ವಭಾವಕ್ಕೆ ತಕ್ಕುದು. ಮನೆಯಲ್ಲಿ ‘ಇಲಿನ’ ಎನ್ನುವ ಮಗುವಿಗೆ ಗ್ರಂಥದ ‘ಇಲಿಯನ್ನು’ ಎಂಬ ರೂಪವು ಇದರಿಂದ ನೋವಿಲ್ಲದೆ ಪರಿಚಯವಾಗುವುದು.

ಆಟವು ಹೊರಗಿನಿಂದ ಬಂದುದೆಂದು ಅದನ್ನು ತಳ್ಳಬೇಕಾಗಿಲ್ಲ. ಬಂದ ವೇಷದಲ್ಲಿಯೇ ಅದನ್ನು ಕುಳ್ಳಿರಿಸಬೇಕಾಗಿಯೂ ಇಲ್ಲ. ಅನ್ಯಭಾಷೆಯ ಅಳತೆಯಿಂದ ಹೊಲಿದ ಅಂಗಿಯು ಮಗುವಿನ ಮೈಗೆ ಹಿಡಿಯದಿದ್ದರೆ ಕತ್ತರಿಸಬೇಕಾದುದು ಅಂಗಿಯನ್ನು, ಮೈಯನ್ನಲ್ಲ. ಪದಬಂಧವನ್ನು ರಚಿಸುವವರು ಕನ್ನಡದ ಅಕ್ಷರ, ಪ್ರತ್ಯಯಗಳ ನಡೆಯನ್ನು ಅರಿತು ರಚಿಸಿದರೆ ಅದು ಬೋಧನೆಯ ಉತ್ತಮ ಸಾಧನ. ಅರಿಯದೆ ರಚಿಸಿದರೆ ದಂಡಿಯು ಹೇಳಿದ ಮೂರನೆಯ ಪ್ರಯೋಜನವೊಂದೇ ಅದರಿಂದ ಸಿದ್ಧಿಸುವುದು.