ಹಕಾರದ ಅಳತೆಗೋಲು: ಕಡೂರು ಸೀಮೆ ಮತ್ತು ಸಾಮಾಜಿಕ ಉಪಭಾಷೆಗಳ ಪರಿಕಲ್ಪನೆ

ಕನ್ನಡದ ಸಾಮಾಜಿಕ ಉಪಭಾಷೆಗಳ ಚರ್ಚೆಯಲ್ಲಿ 1960ನೆಯ ವರ್ಷ ಮುಖ್ಯವಾದುದು. ಫರ್ಗ್ಯುಸನ್ ಮತ್ತು ಗಂಪರ್ಜ್ ಅವರು ಸಂಪಾದಿಸಿದ, ದಕ್ಷಿಣ ಏಷ್ಯಾದ ಭಾಷಾ ವೈವಿಧ್ಯವನ್ನು ಕುರಿತ ಸಂಪುಟದಲ್ಲಿ ವಿಲಿಯಂ ಮೆಕಾರ್ಮಕ್ ಧಾರವಾಡ ಕನ್ನಡದ ಸಾಮಾಜಿಕ ಭೇದಗಳನ್ನು ಪರಿಶೀಲಿಸಿದರು. ವಿಲಿಯಂ ಬ್ರೈಟ್ ಜಾತಿ ಉಪಭಾಷೆಗಳಲ್ಲಿನ ಪರಿವರ್ತನೆಯನ್ನು ವಿವೇಚಿಸಿದರು. ಎರವಲು ಪದ, ಎರವಲು ಧ್ವನಿಗಳಂತಹ ಪ್ರಜ್ಞಾಪೂರ್ವಕ ಬದಲಾವಣೆಗಳು ಬ್ರಾಹ್ಮಣರ ನುಡಿಯಲ್ಲಿಯೂ, ಅರಿವಿಗೆ ಬಾರದೆ ನಡೆಯುವ ಧ್ವನಿ ಹಾಗೂ ವ್ಯಾಕರಣದ ಬದಲಾವಣೆಗಳು ಬ್ರಾಹ್ಮಣೇತರರ ನುಡಿಯಲ್ಲಿಯೂ ಅಧಿಕವೆಂಬುದು ಬ್ರೈಟ್ ಅವರ ನಿಲುವು. ಈ ವಿಭಜನೆಯನ್ನು ಮರುಪರಿಶೀಲಿಸುವ ಅಗತ್ಯವಿದೆ.

ಹಕಾರಲೋಪವನ್ನೇ ನೋಡಬಹುದು. ‘ಹಾಲು’ ಎಂಬುದು ‘ಆಲು’ ಆಗುವುದು ಹಳೆಯ ಮೈಸೂರು ಸೀಮೆಯ ಗ್ರಾಮೀಣ ನುಡಿಯಲ್ಲಿ ವ್ಯಾಪಕ. ಇದನ್ನು ಅಶುದ್ಧಿಯೆನ್ನುವವರು, ಹಳಗನ್ನಡದ ‘ಪಾಲ್’ ನಡುಗನ್ನಡದಲ್ಲಿ ‘ಹಾಲು’ ಆದುದನ್ನು ಭಾಷೆಯ ಸಹಜ ಬೆಳವಣಿಗೆಯೆಂದು ಒಪ್ಪುತ್ತಾರೆ. ಮೊದಲ ಹೆಜ್ಜೆ ಇತಿಹಾಸವೆನಿಸಿ ಎರಡನೆಯದು ದೋಷವೆನಿಸುವುದು ಭಾಷಾಶಾಸ್ತ್ರದ ತೀರ್ಪಲ್ಲ, ಸಮಾಜದ ತೀರ್ಪು. ಇನ್ನೊಂದು ಸಂಗತಿಯೂ ಗಮನಾರ್ಹ. ಹಕಾರವನ್ನು ಬಿಡುವವರೇ ಔಪಚಾರಿಕ ಸಂದರ್ಭದಲ್ಲಿ ‘ಅಕ್ಕಿ’ಯನ್ನು ‘ಹಕ್ಕಿ’ ಎನ್ನುವುದುಂಟು. ಇಂತಹ ಅತಿತಿದ್ದುಪಡಿ ಹುಟ್ಟುವುದು ಪ್ರತಿಷ್ಠಿತ ರೂಪದ ಅರಿವಿನಿಂದಲೇ. ಆದ್ದರಿಂದ ಬ್ರಾಹ್ಮಣೇತರರ ಧ್ವನಿ ವ್ಯತ್ಯಾಸಗಳನ್ನು ಅರಿವಿಲ್ಲದವೆಂದು ಬದಿಗಿರಿಸಲಾಗದು. ಒಬ್ಬನೇ ಭಾಷಿಕನ ಉಚ್ಚಾರಣೆ ಸಂದರ್ಭಾನುಸಾರ ಬದಲಾಗುವುದನ್ನು ವಿಲಿಯಂ ಲಬಾವ್ 1966ರಲ್ಲಿ ನ್ಯೂಯಾರ್ಕ್ ನಗರದ ಇಂಗ್ಲಿಷನ್ನು ಕುರಿತು ವಿಸ್ತಾರವಾಗಿ ತೋರಿಸಿದ್ದಾರೆ.

ನಮ್ಮ ವಿವರಣಾತ್ಮಕ ಅಧ್ಯಯನಗಳು ಬಹುಮಟ್ಟಿಗೆ ಒಂದು ಸ್ಥಳ, ಒಂದು ಸಮುದಾಯವೆಂಬ ಚೌಕಟ್ಟಿನಲ್ಲಿ ನಡೆದಿವೆ. ಯು. ಪಿ. ಉಪಾಧ್ಯಾಯರ ‘ನಂಜನಗೂಡು ಕನ್ನಡ’ (1968) ಒಕ್ಕಲಿಗರ ನುಡಿಯ ವಿವರಣೆ. ‘ಕೊಡಗು ಕನ್ನಡ’ ಜೇನುಕುರುಬರ ನುಡಿಯದು. ವ್ಯಾಕರಣ ರಚನೆಗೆ ಈ ಮಿತಿ ಅನುಕೂಲಕರ. ಆದರೆ ಸಮುದಾಯಗಳು ಪರಸ್ಪರ ಮಾತನಾಡುವಾಗ ನುಡಿ ಹೇಗೆ ಮಾರ್ಪಡುತ್ತದೆಂಬ ಪ್ರಶ್ನೆ ಅದರ ಹೊರಗೇ ಉಳಿಯುತ್ತದೆ.

ಈ ಪ್ರಶ್ನೆಗೆ ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆ ತಕ್ಕ ಕ್ಷೇತ್ರ. ಮಲೆನಾಡು ಬಯಲುಸೀಮೆಗೆ ಕೂಡುವ ಈ ಭಾಗದಲ್ಲಿ ಗೊಲ್ಲರಹಟ್ಟಿಗಳಿವೆ, ಲಂಬಾಣಿ ತಾಂಡಾಗಳಿವೆ, ಉರ್ದು ಮನೆಮಾತಿನ ಕುಟುಂಬಗಳಿವೆ. ಕನ್ನಡ ಎರಡನೆಯ ಭಾಷೆಯಾಗಿರುವವರನ್ನು ಬ್ರಾಹ್ಮಣ–ಬ್ರಾಹ್ಮಣೇತರವೆಂಬ ಜೋಡಿಯಲ್ಲಿ ಎಲ್ಲಿ ಇರಿಸುವುದು? ಹಟ್ಟಿಯ ಭಾಷಿಕನೊಬ್ಬನ ನುಡಿಯನ್ನು ಮನೆ, ಸಂತೆ, ಕಚೇರಿ ಮೂರರಲ್ಲಿಯೂ ದಾಖಲಿಸದೆ ಅದನ್ನು ಒಂದು ಜಾತಿಯ ಉಪಭಾಷೆಯೆಂದು ಹೆಸರಿಸುವುದು ಅವಸರದ ನಿರ್ಣಯವಾದೀತು. ಕಾಲದ ಆಯಾಮಕ್ಕೂ ಇಲ್ಲಿ ಆಕರವಿದೆ: ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟ (1901) ಅಂದಿನ ಕಡೂರು ಜಿಲ್ಲೆಯ ಶಾಸನಗಳಿಗೇ ಮೀಸಲಾದುದು.

ಜಾತಿ ನುಡಿಭೇದದ ಒಂದು ಕಾರಣ ಹೌದು; ಅದೇ ಅದರ ಪೂರ್ಣ ವಿವರಣೆಯಲ್ಲ. ಈ ವಿವೇಕ ಶಾಲೆಗೂ ಸಲ್ಲಬೇಕು. ‘ಆಲು’ ಎಂದ ಮಗುವಿಗೆ ಬರಹದ ರೂಪವನ್ನು ಕಲಿಸುವುದು ಶಿಕ್ಷಣ. ಅದರ ಮನೆಮಾತನ್ನು ಹೀನವೆನ್ನುವುದು ಶಿಕ್ಷೆ.