ರೆಂಬ್ರಾಂಟ್ ಬರೆದ ಆಟದ ಆನೆ

ಡಚ್ ಚಿತ್ರಕಾರ ರೆಂಬ್ರಾಂಟ್ 1637ರಲ್ಲಿ ಬರೆದ ಆನೆಯ ಚಿತ್ರದಲ್ಲಿ ಮೊದಲು ಕಣ್ಣಿಗೆ ಬೀಳುವುದು ಚರ್ಮ. ಕಪ್ಪು ಚಾಕಿನ ಗೆರೆಗಳು ಒಂದು ಕಡೆ ದಟ್ಟವಾಗಿ ಸುತ್ತಿಕೊಳ್ಳುತ್ತವೆ, ಇನ್ನೊಂದು ಕಡೆ ಸಡಿಲಾಗುತ್ತವೆ, ಕಾಲುಗಳ ಮೇಲೆ ದೊಗಳೆ ಪೈಜಾಮದಂತೆ ಮಡಿಕೆ ಮಡಿಕೆಯಾಗಿ ಇಳಿಯುತ್ತವೆ. ಸಕ್ರೆಬೈಲಿನಲ್ಲೋ ದುಬಾರೆಯಲ್ಲೋ ಆನೆಯ ಪಕ್ಕದಲ್ಲಿ ನಿಂತವರಿಗೆ ಈ ಚರ್ಮದಲ್ಲಿ ಸುಳ್ಳಿಲ್ಲವೆಂದು ಕೂಡಲೇ ಗೊತ್ತಾಗುತ್ತದೆ. ಬರೆದವನು ಆನೆಗಳ ನಾಡಿನವನಲ್ಲ. ಜೀವಮಾನವಿಡೀ ತನ್ನ ದೇಶ ಬಿಟ್ಟು ಹೊರಗೆ ಹೋದವನೂ ಅಲ್ಲ. ಆನೆಯೇ ಅವನ ಊರಿಗೆ ಬಂದಿತ್ತು.

ಅದರ ಹೆಸರು ಹಾನ್ಸ್‌ಕೆನ್. 1630ರ ಸುಮಾರಿಗೆ ಸಿಂಹಳದಲ್ಲಿ ಹುಟ್ಟಿದ ಹೆಣ್ಣಾನೆ. 1633ರಲ್ಲಿ, ಇನ್ನೂ ಮರಿಯಾಗಿದ್ದಾಗಲೇ, ಡಚ್ಚರ ಹಡಗಿನಲ್ಲಿ ನೆದರ್ಲೆಂಡ್ಸಿಗೆ ಬಂತು. ಮುಂದೆ ಕಾರ್ನೆಲಿಸ್ ಫಾನ್ ಗ್ರೂನೆವೆಲ್ಟ್ ಎಂಬಾತ ಅದನ್ನು ಕೊಂಡು, ಆಟ ಕಲಿಸಿ, ಊರೂರು ತಿರುಗಿಸಿದ. ಸರ್ಕಸ್ ಎಂದು ನಾವು ಕರೆಯುವ ವ್ಯವಸ್ಥೆ ಆಗಿನ್ನೂ ಹುಟ್ಟಿರಲಿಲ್ಲ. ಲಂಡನ್ನಿನಲ್ಲಿ ಫಿಲಿಪ್ ಆಸ್ಟ್ಲಿ ಕುದುರೆ ಕುಣಿಸಲು ಶುರುಮಾಡಿದ್ದು 1768ರಲ್ಲಿ. ಆದರೆ ಸರ್ಕಸ್ಸಿನ ಆನೆ ಮಾಡುವುದನ್ನೆಲ್ಲ ಹಾನ್ಸ್‌ಕೆನ್ ಅದಕ್ಕೂ ನೂರು ವರ್ಷ ಮೊದಲೇ ಮಾಡುತ್ತಿತ್ತು: ಟೋಪಿ ಹಾಕಿಕೊಳ್ಳುವುದು, ಬಾವುಟ ಬೀಸುವುದು, ಸೊಂಡಿಲಿನಲ್ಲಿ ಕತ್ತಿ ಹಿಡಿದು ತಿರುಗಿಸುವುದು, ಪಿಸ್ತೂಲು ಹಾರಿಸುವುದು, ನೋಡುಗರ ಜೇಬಿನಿಂದ ದುಡ್ಡು ಎತ್ತುವುದು. ಹ್ಯಾಂಬರ್ಗ್, ಬ್ರೆಮೆನ್, ಫ್ರಾಂಕ್‌ಫರ್ಟ್, ಜೂರಿಕ್, ರೋಮ್ ಎಂದು ಯೂರೋಪಿನ ಉದ್ದಗಲಕ್ಕೂ ನಡೆಯಿತು. ಅದರ ಒಂದೊಂದು ಆಟವನ್ನೂ ತೋರಿಸುವ ಅಚ್ಚುಚಿತ್ರಗಳು ಆಗ ಮಾರಾಟವಾಗುತ್ತಿದ್ದವು.

ರೆಂಬ್ರಾಂಟ್ ಬರೆದದ್ದರಲ್ಲಿ ಈ ಆಟಗಳು ಒಂದೂ ಇಲ್ಲ. ಅವನ ಸಹಿಯೂ ಇಸವಿಯೂ ಇರುವ ಚಿತ್ರ ವಿಯೆನ್ನಾದ ಆಲ್ಬರ್ಟೀನಾ ಮ್ಯೂಸಿಯಮ್ಮಿನಲ್ಲಿದೆ. ಮತ್ತೊಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಆಟದ ಆನೆಯನ್ನು ನೋಡಲು ಹೋದವನು ಆಟ ಬಿಟ್ಟು ಆನೆಯನ್ನು ನೋಡಿ ಬಂದ. ಟೋಪಿ ಇಲ್ಲ, ಕತ್ತಿ ಇಲ್ಲ, ಬಾವುಟವಿಲ್ಲ. ಭಾರವನ್ನೆಲ್ಲ ಕಾಲುಗಳ ಮೇಲೆ ಬಿಟ್ಟು ಆನೆ ಸುಮ್ಮನೆ ನಿಂತಿದೆ. ಸೊಂಡಿಲು ಯಾವ ಆಜ್ಞೆಯನ್ನೂ ಪಾಲಿಸುತ್ತಿಲ್ಲ. ತನ್ನ ತೂಕಕ್ಕೆ ತಾನೇ ಜೋತು, ತುದಿಯಲ್ಲಿ ಮಡಚಿಕೊಂಡಿದೆ. ಪುಟ್ಟ ಕಣ್ಣಿನ ಸುತ್ತ ಸುಕ್ಕುಗಳು ಒಂದರ ಒಳಗೊಂದು ಕೂತಿವೆ. ಈ ಕಣ್ಣಿನಲ್ಲಿ ದುಃಖವನ್ನು ಓದುವವರಿದ್ದಾರೆ. ನನಗೆ ಹಾಗೆ ಓದಲು ಮನಸ್ಸು ಒಪ್ಪುವುದಿಲ್ಲ. ರೆಂಬ್ರಾಂಟ್ ಅಲ್ಲಿ ದುಃಖವನ್ನೂ ಬರೆದಿಲ್ಲ, ವಿವೇಕವನ್ನೂ ಬರೆದಿಲ್ಲ. ಆನೆಗೆ ಮನುಷ್ಯನ ಭಾವವೊಂದನ್ನು ತೊಡಿಸುವುದೂ ಅದಕ್ಕೆ ಟೋಪಿ ತೊಡಿಸಿದಷ್ಟೇ ಸುಲಭದ ಕೆಲಸ. ಅವನು ಅದನ್ನು ಮಾಡದೆ ಉಳಿದದ್ದರಲ್ಲಿ ಈ ಚಿತ್ರದ ದೊಡ್ಡತನವಿದೆ.

ಅದು ಎಷ್ಟು ಕಷ್ಟದ್ದೆಂದು ತಿಳಿಯಲು ಅವನ ಕಾಲದ ಯೂರೋಪು ಆನೆಯ ತಲೆಯ ಮೇಲೆ ಹೊರಿಸಿದ್ದ ಅರ್ಥಗಳ ಹೊರೆಯನ್ನು ನೋಡಬೇಕು. ಮಧ್ಯಯುಗದ ಪ್ರಾಣಿಗ್ರಂಥಗಳಲ್ಲಿ ಆನೆ ಶೀಲದ ಗುರುತು, ಸಂಯಮದ ಗುರುತು, ಸೈತಾನನ ರೂಪವಾದ ಡ್ರ್ಯಾಗನ್ನಿನ ಹುಟ್ಟು ವೈರಿ. ಹೆಣ್ಣಾನೆ ಸ್ವರ್ಗದ ತೋಟದ ಬಳಿ ಮ್ಯಾಂಡ್ರೇಕ್ ಎಂಬ ಗಿಡವನ್ನು ತಿಂದು ಗಂಡಾನೆಗೂ ಕೊಡುತ್ತದೆಂದು ಹೇಳಿ, ಆ ಜೋಡಿಯನ್ನೇ ಆದಮ್ ಮತ್ತು ಈವ್‌ಗೆ ಸಮಮಾಡಿದ್ದರು. ಆನೆಯ ಕಾಲಿಗೆ ಕೀಲೇ ಇಲ್ಲ, ಮಲಗಿದರೆ ಏಳಲಾರದು, ಮರಕ್ಕೊರಗಿ ನಿದ್ದೆಮಾಡುತ್ತದೆ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, 1646ರಲ್ಲಿ ಕೂಡ ಇಂಗ್ಲೆಂಡಿನ ಥಾಮಸ್ ಬ್ರೌನ್ ಜನರ ತಪ್ಪು ತಿಳಿವಳಿಕೆಗಳ ಬಗ್ಗೆ ಬರೆದ ಪುಸ್ತಕದಲ್ಲಿ ಅದನ್ನು ಅಲ್ಲಗಳೆಯಬೇಕಾಯಿತು. ಡ್ಯೂರರ್‌ನಂಥ ಮಹಾ ಚಿತ್ರಕಾರ ಕೂಡ 1515ರಲ್ಲಿ ಘೇಂಡಾಮೃಗವನ್ನು ಕಣ್ಣಾರೆ ಕಾಣದೆ, ಇನ್ನೊಬ್ಬರ ವಿವರಣೆ ಮತ್ತು ರೇಖಾಚಿತ್ರದ ಮೇಲೆ ಬರೆದು, ಅದಕ್ಕೆ ಉಕ್ಕಿನ ಕವಚದಂಥ ಮೈ ಕೊಟ್ಟ. ಇಷ್ಟೆಲ್ಲ ಕೇಳಿ ಬೆಳೆದವನೊಬ್ಬ ಆನೆಯ ಎದುರು ನಿಂತಾಗ, ಕೇಳಿದ್ದನ್ನು ಬದಿಗಿಟ್ಟು ಕಂಡದ್ದನ್ನಷ್ಟೇ ಬರೆಯುವುದು ಸಣ್ಣ ಸಾಧನೆಯಲ್ಲ. ಕೀಲಿಲ್ಲವೆಂದು ಹೇಳುತ್ತಿದ್ದ ಜಾಗದಲ್ಲಿಯೇ ರೆಂಬ್ರಾಂಟ್‌ನ ಚಾಕ್ ನಿಧಾನಿಸಿ, ಮಂಡಿಯ ಸುಕ್ಕುಗಳನ್ನು ಎಣಿಸುವಂತೆ ಗೆರೆ ಎಳೆದಿದೆ.

ಮರುವರ್ಷವೇ, 1638ರಲ್ಲಿ, ಅದೇ ಆನೆ ಸಂಕೇತವಾಗಿ ಮರಳಿತು. ಆದಮ್ ಮತ್ತು ಈವ್ ಕುರಿತ ಅವನ ಎಚಿಂಗ್ (ಲೋಹದ ಫಲಕದಿಂದ ಒತ್ತಿದ ಅಚ್ಚುಚಿತ್ರ) ಅಂಗೈಗಿಂತ ತುಸು ದೊಡ್ಡದು. ಮರದ ಮೇಲೆ ಹಾವಿನ ಬದಲು ರೆಕ್ಕೆಯ ಡ್ರ್ಯಾಗನ್ ಕೂತಿದೆ. ಹಣ್ಣು ಹಿಡಿದ ಈವ್, ತಡೆಯಬೇಕೋ ತೆಗೆದುಕೊಳ್ಳಬೇಕೋ ತಿಳಿಯದ ಆದಮ್. ಇಬ್ಬರ ಮೈಯೂ ಅಂದಗೆಟ್ಟು ಸಾಧಾರಣವಾಗಿದೆ. ಹಿಂದೆ, ತಗ್ಗಿನ ಬಿಸಿಲಿನಲ್ಲಿ, ಪುಟ್ಟದೊಂದು ಆನೆ. ಪಂಡಿತರು ಅದನ್ನು ಡ್ರ್ಯಾಗನ್ನಿನ ವೈರಿಯೆಂದು, ಮನುಷ್ಯ ಕಳೆದುಕೊಳ್ಳಲಿರುವ ನಿರ್ಮಲತೆಯೆಂದು, ಮುಂದೆ ಬರಲಿರುವ ಬಿಡುಗಡೆಯ ಸೂಚನೆಯೆಂದು ವಿವರಿಸುತ್ತಾರೆ. ವಿವರಣೆ ಸರಿಯಾಗಿಯೇ ಇದೆ. ಆದರೂ ಆ ಆನೆ ನನ್ನನ್ನು ಮುಟ್ಟುವುದು ಬೇರೆ ಕಾರಣಕ್ಕೆ. ಮುಂದೆ ನಡೆಯುತ್ತಿರುವ ಮಹಾಪತನದ ಗೊಡವೆಯೇ ಅದಕ್ಕಿಲ್ಲ. ನೆರಳಿನಲ್ಲಿ ಮನುಷ್ಯರ ತಳಮಳ, ಬಿಸಿಲಿನಲ್ಲಿ ತನ್ನ ಪಾಡಿಗೆ ತಾನಿರುವ ಪ್ರಾಣಿ. ಹಿಂದಿನ ವರ್ಷ ಚಾಕಿನಲ್ಲಿ ಅದರ ತೂಕವನ್ನು ಅರಿತಿದ್ದರಿಂದಲೇ ಇಲ್ಲಿ ಕೆಲವೇ ಗೀರುಗಳಲ್ಲಿ ಅದಕ್ಕೆ ಜೀವ ಬಂದಿದೆ. ಪ್ರಾಣಿಗ್ರಂಥದಿಂದ ಎತ್ತಿ ತಂದ ಆನೆಯಾಗಿದ್ದರೆ ಅರ್ಥ ಉಳಿದು ಆನೆ ಸತ್ತುಹೋಗಿರುತ್ತಿತ್ತು.

ಹಾಗಿದ್ದೂ ಇವೆರಡರಲ್ಲಿ ಒಂದನ್ನು ಆಯಲು ಹೇಳಿದರೆ ನಾನು ಆಯುವುದು ಚಾಕಿನ ಚಿತ್ರವನ್ನೇ. ಎಚಿಂಗಿನ ಆನೆಗೆ ಅಲ್ಲಿರಲು ಒಂದು ಕಾರಣ ಬೇಕಾಗಿತ್ತು. ಚಾಕಿನ ಆನೆ ಯಾವ ಕಾರಣವನ್ನೂ ಕೇಳುವುದಿಲ್ಲ.

ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು. ರೆಂಬ್ರಾಂಟ್‌ನ ಆನೆ ಎಷ್ಟು ನಿಜವೋ ಅಷ್ಟೇ ಒಂಟಿ. ಸಿಂಹಳದ ಕಾಡಿನ ಮರಿ ಚಳಿದೇಶದ ಸಂತೆಯಲ್ಲಿ ಯಾಕೆ ನಿಂತಿದೆ, ಯಾರ ದುಡಿಮೆಗೆ ನಿಂತಿದೆ ಎಂಬ ಪ್ರಶ್ನೆ ಆ ಹಾಳೆಯಲ್ಲಿ ಏಳುವುದೇ ಇಲ್ಲ. ಅದು ಏಳುವುದು ಇನ್ನೊಬ್ಬನ ಚಿತ್ರದಲ್ಲಿ. 1655ರ ನವೆಂಬರ್ 9ರಂದು ಫ್ಲಾರೆನ್ಸಿನಲ್ಲಿ, ಇಪ್ಪತ್ತೈದರ ಆಸುಪಾಸಿನಲ್ಲಿ, ಹಾನ್ಸ್‌ಕೆನ್ ಸತ್ತಿತು. ಆನೆಯ ಲೆಕ್ಕದಲ್ಲಿ ಅದು ತುಂಬು ಹರೆಯ. ಆ ಊರಿನ ಚಿತ್ರಕಾರ ಸ್ಟೆಫಾನೊ ಡೆಲ್ಲಾ ಬೆಲ್ಲಾ ನೆಲಕ್ಕೊರಗಿದ ಹೆಣವನ್ನು ಬರೆದಿಟ್ಟ. ಕಲೆಯಾಗಿ ಅದು ರೆಂಬ್ರಾಂಟ್‌ನ ಹತ್ತಿರಕ್ಕೂ ಬರುವುದಿಲ್ಲ. ಸಾಕ್ಷಿಯಾಗಿ ಅದನ್ನು ಮೀರಿಸಿದ್ದಿಲ್ಲ: ಇಪ್ಪತ್ತೆರಡು ವರ್ಷಗಳ ಅಲೆದಾಟದ ಫಲ ಅಲ್ಲಿ ಬಿದ್ದಿದೆ. ಈ ಎರಡು ಚಿತ್ರಗಳನ್ನು ಜೊತೆಗಿಟ್ಟು ನೋಡದೆ ಹಾನ್ಸ್‌ಕೆನ್‌ನ ಬಗ್ಗೆ ಯಾರೂ ಬರೆಯಬಾರದೆಂದು ನನ್ನ ಅಭಿಪ್ರಾಯ.

ಸತ್ತ ಆನೆಯನ್ನು ಮೆಡಿಚಿ ಮನೆತನದ ದೊರೆ ಎರಡನೆಯ ಫರ್ಡಿನಾಂಡೊ ಕೊಂಡ. ಚರ್ಮ ಕಾಲಾಂತರದಲ್ಲಿ ಹಾಳಾಯಿತು. ಎಲುಬುಗೂಡು ಫ್ಲಾರೆನ್ಸಿನ ಲಾ ಸ್ಪೆಕೊಲಾ ಮ್ಯೂಸಿಯಮ್ಮಿಗೆ ಸೇರಿತು. ಏಷ್ಯಾದ ಆನೆಗೆ ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ವೈಜ್ಞಾನಿಕ ಹೆಸರಿಟ್ಟಾಗ ಆಧಾರವಾಗಿಟ್ಟುಕೊಂಡ ಮಾದರಿಗಳಲ್ಲಿ ಒಂದು ಆಫ್ರಿಕಾದ ಆನೆಯ ಭ್ರೂಣವೆಂದು ತಿಳಿದ ಮೇಲೆ, 2013ರಲ್ಲಿ ವಿಜ್ಞಾನಿಗಳು ಆ ಜಾತಿಯ ಅಧಿಕೃತ ಮಾದರಿಯಾಗಿ ಗೊತ್ತುಮಾಡಿದ್ದು ಇದೇ ಎಲುಬುಗೂಡನ್ನು.