ಆಂಟೆನಾ ಎಲ್ಲಿ ನಿಲ್ಲುತ್ತದೆ?

ಮಳೆ ನಿಂತು ತೋಟಕ್ಕೆ ನೀರು ಬಿಡುವ ಕಾಲ ಬಂತೆಂದರೆ ಕುಮಟಾ, ಹೊನ್ನಾವರದ ಕಡೆಯಿಂದ ಒಂದೇ ಪ್ರಶ್ನೆ: ಪಂಪಿನ ಬೋರ್ಡಿಗೆ ವೈಫೈ ಹಾಕಲೋ, ಲೋರಾ ಹಾಕಲೋ, ಸಿಮ್ ಹಾಕಲೋ?

ಆಂಟೆನಾ ಎಲ್ಲಿ ನಿಲ್ಲುತ್ತದೆ ಹೇಳಿ, ಚಿಪ್ಪಿನ ಮಾತು ಆಮೇಲೆ ಎಂಬುದು ನನ್ನ ಹಳೇ ರಾಗ. ತದಡಿ ಬಂದರಿನ ಬೋಟುಗಳನ್ನು ನೋಡಿ. ವೈರ್‌ಲೆಸ್ ಸೆಟ್ ಕ್ಯಾಬಿನ್ನಿನೊಳಗೆ ಬೆಚ್ಚಗಿರುತ್ತದೆ, ಆಂಟೆನಾ ಮಾತ್ರ ಮೇಲೆ ಗಾಳಿಗೆ. ವೈಫೈ ಹಾಕುವ ನಮ್ಮ ಇಎಸ್‌ಪಿ32 ಪಂಥದವರಿಗೆ ಇಷ್ಟು ಹೊಳೆಯುವುದಿಲ್ಲ. ಮಾಡ್ಯೂಲಿನ ತುದಿಯಲ್ಲೇ ಆಂಟೆನಾ ಅಚ್ಚಾಗಿ ಬಂದಿರುತ್ತದೆ. ಅದರಡಿಗೆ ತಾಮ್ರದ ಗ್ರೌಂಡ್ ಹಾಸಿ, ಬೋರ್ಡನ್ನು ಸ್ಟಾರ್ಟರಿನ ಕಬ್ಬಿಣದ ಪೆಟ್ಟಿಗೆಯೊಳಗೆ ಕೂರಿಸಿ, ಬಾಗಿಲು ಹಾಕಿದ ಮೇಲೆ ಸಿಗ್ನಲ್ ಹೋಯಿತೆಂದು ಕೋಡ್ ತಿದ್ದುತ್ತಾರೆ. ಟೇಬಲ್ ಮೇಲೆ ಚೆನ್ನಾಗಿಯೇ ಓಡುತ್ತಿತ್ತಂತೆ!

ಲೋರಾ ಭಕ್ತರದು ಇನ್ನೊಂದು ಅತಿ. 15 ಕಿಲೋಮೀಟರ್ ಎಂಬ ಜಾಹೀರಾತು ಅವರ ಮಂತ್ರ. ಅದು ನಡುವೆ ಏನೂ ಅಡ್ಡವಿಲ್ಲದ ಬಯಲಿನ ಲೆಕ್ಕ. ನಮ್ಮ ಅಡಿಕೆ ತೋಟ ಇರುವುದು ಗುಡ್ಡಗಳ ನಡುವಿನ ತಗ್ಗಿನಲ್ಲಿ. ದೂರ ಹೆಚ್ಚಿಸಲು ಸ್ಪ್ರೆಡಿಂಗ್ ಫ್ಯಾಕ್ಟರ್ ಏರಿಸಿ ಎಸ್‌ಎಫ್12ಕ್ಕೆ ಹೋದರೆ ಮಾಮೂಲಿ 125 ಕಿಲೋಹರ್ಟ್ಸ್ ಅಗಲದಲ್ಲಿ ವೇಗ ಸೆಕೆಂಡಿಗೆ 300 ಬಿಟ್ ಕೂಡ ಮುಟ್ಟದು.

'ಕಡಿಮೆ ಫ್ರೀಕ್ವೆನ್ಸಿಯ ಅಲೆ ತಾನಾಗಿಯೇ ದೂರ ಹೋಗುತ್ತದೆ' ಎಂಬುದು ಲೋರಾ ಪಂಥದ ಇನ್ನೊಂದು ನಂಬಿಕೆ. ಇಲ್ಲಿ ಹೆರಾಲ್ಡ್ ಫ್ರಿಸ್ ನೆನಪಾಗದೆ ಇರಲಾರ. ಬೆಲ್ ಲ್ಯಾಬ್ಸಿನ ಈತ 1946ರಲ್ಲಿ ಬರೆದ ಲೇಖನ ಮೂರೇ ಪುಟದ್ದು. ದಪ್ಪ ದಪ್ಪ ಪುಸ್ತಕಗಳಿಗಿಂತ ನನಗದು ಮೇಲು. ಅವನ ಸೂತ್ರದಲ್ಲಿ ಎರಡೂ ತುದಿಯ ಆಂಟೆನಾಗಳ ವಿಸ್ತೀರ್ಣ ಮೇಲಿದೆ, ದೂರದ ವರ್ಗ ಮತ್ತು ತರಂಗಾಂತರದ ವರ್ಗ ಕೆಳಗಿವೆ. ಅಂದರೆ ವಿಸ್ತೀರ್ಣ ಅಷ್ಟೇ ಇಟ್ಟುಕೊಂಡರೆ ಗೆಲ್ಲುವುದು ಹೆಚ್ಚು ಫ್ರೀಕ್ವೆನ್ಸಿ! ಟವರುಗಳ ಮೇಲಿನ ಮೈಕ್ರೋವೇವ್ ತಟ್ಟೆಗಳು ಬದುಕಿರುವುದೇ ಈ ಲಾಭದಿಂದ. ನಾವು ಹಾಕುವುದು ಕಡ್ಡಿ ಆಂಟೆನಾ. ಫ್ರೀಕ್ವೆನ್ಸಿ ಇಳಿದಂತೆ ಕಡ್ಡಿ ಉದ್ದವಾಗುತ್ತದೆ, ಹಿಡಿಯುವ ವಿಸ್ತೀರ್ಣವೂ ಬೆಳೆಯುತ್ತದೆ. 2.4 ಗಿಗಾಹರ್ಟ್ಸ್‌ಗೆ ಕಾಲು ಅಲೆಯ ಕಡ್ಡಿ 3 ಸೆಂಟಿಮೀಟರ್, 866 ಮೆಗಾಹರ್ಟ್ಸ್‌ಗೆ ಎಂಟೂವರೆಗಿಂತ ತುಸು ಹೆಚ್ಚು. ಅದೇ ದೂರಕ್ಕೆ ಏಳೆಂಟು ಪಟ್ಟು ಶಕ್ತಿ ಹೆಚ್ಚಿಗೆ ಸಿಗುವ ಗುಟ್ಟು ಆ ಕಡ್ಡಿಯಲ್ಲಿದೆ. ಎಲೆ, ಗೋಡೆ ದಾಟುವುದರಲ್ಲಿ ಕೆಳಗಿನ ಫ್ರೀಕ್ವೆನ್ಸಿ ಮೇಲು ಎಂಬುದು ಬೇರೆಯೇ ಮಾತು, ಅದನ್ನು ಒಪ್ಪುತ್ತೇನೆ.

ಎಲೆ ಎಂದಾಗ ಮಳೆಯ ಚಿಂತೆ ಬರುತ್ತದೆ. ಒದ್ದೆ ಸೋಗೆ ಸಿಗ್ನಲ್ ನುಂಗುತ್ತದೆ, ನಿಜ. ಆದರೆ ಆಷಾಢದಲ್ಲಿ ಅಡಿಕೆಗೆ ನೀರು ಬಿಡುವವರು ಯಾರು? ಪಂಪಿಗೆ ಆ ಭಯ ಬೇಡ. ಅಘನಾಶಿನಿಯ ನೆರೆ ಅಳೆಯುವ ಯಂತ್ರವಾದರೆ ಜಡಿಮಳೆಯಲ್ಲೇ ಪರೀಕ್ಷೆ ಮಾಡಬೇಕು.

ಪಂಪಿಗೆ ಬೇಕಾದ್ದು ಕಿವಿ. ಟ್ಯಾಂಕಿನ ಮಟ್ಟ ಹೇಳುವ ಸೆನ್ಸರ್ ಗಂಟೆಗೊಮ್ಮೆ ಎದ್ದು ವರದಿ ಕೊಟ್ಟು ಮಲಗಬಹುದು. ಲೋರಾವಾನ್‌ನ ಎ ಕ್ಲಾಸ್ ಅದಕ್ಕೇ ಇದೆ. ಆದರೆ ಎ ಕ್ಲಾಸ್ ತಾನು ಮಾತಾಡಿದ ಮೇಲಷ್ಟೇ ಕ್ಷಣಕಾಲ ಕಿವಿ ತೆರೆಯುತ್ತದೆ. 'ಪಂಪ್ ನಿಲ್ಲಿಸು' ಎಂದರೆ ತಕ್ಷಣ ಕೇಳಬೇಕಾದಲ್ಲಿ ಕಿವಿ ಮುಚ್ಚದ ಸಿ ಕ್ಲಾಸೇ ಸರಿ. ಸದಾ ಕೇಳುತ್ತಿರಲು ಎಸ್‌ಎಕ್ಸ್1262 ಲೋರಾ ಚಿಪ್ ಸುಮಾರು 5 ಮಿಲಿಆಂಪ್ ತಿನ್ನುತ್ತದೆ, ಇಎಸ್‌ಪಿ32ರ ವೈಫೈ ಹತ್ತಿರ ಹತ್ತಿರ 100. ಕರೆಂಟಿರುವ ಪಂಪ್‌ಮನೆಯಲ್ಲಿ ಇದು ಲೆಕ್ಕಕ್ಕಿಲ್ಲ, ಸೋಲಾರಿನಲ್ಲಿ ಓಡಿಸುವವರು ಮಾತ್ರ ಲೆಕ್ಕ ಹಾಕಿ.

ತೋಟದಲ್ಲಿ ಮೊಬೈಲ್ ಸಿಗ್ನಲ್ ಗಟ್ಟಿಯಾಗಿದ್ದರೆ ಸಿಮ್ಮೇ ಸಾಕು, ಲೋರಾ ಯಾಕೆ? ಹಳೇ 2ಜಿ ಮಾಡ್ಯೂಲ್ ಅಗ್ಗವೆಂದು ತರಬೇಡಿ. ಜಿಯೋಗೆ 2ಜಿ ಇಲ್ಲವೇ ಇಲ್ಲ, ಆ ಸಿಮ್ ಅದರಲ್ಲಿ ಏಳುವುದಿಲ್ಲ. ಸಿಗ್ನಲ್ ಇಲ್ಲದ ತಗ್ಗಿಗೆ ಲೋರಾ: ಒಂದು ಕಡ್ಡಿ ಮನೆಯ ಮಾಡಿನ ಮೇಲೆ, ಇನ್ನೊಂದು ಪಂಪ್‌ಮನೆ ಹೊರಗೆ ಕಂಬಕ್ಕೆ. ಕಡಲ ಗಾಳಿಗೆ ಕನೆಕ್ಟರ್ ಹಸಿರುಗಟ್ಟುತ್ತದೆ, ಸ್ವಯಂ ಅಂಟುವ ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿ. ಮಾಡ್ಯೂಲಿನ ಮೇಲೆ 915 ಎಂದಿದ್ದರೆ ಅದು ಅಮೆರಿಕದವರಿಗೆ. ನಮಗೆ ಲೈಸೆನ್ಸಿಲ್ಲದೆ ಸಿಗುವ ಪಟ್ಟಿ 865ರಿಂದ 868 ಮೆಗಾಹರ್ಟ್ಸ್. ಕಡ್ಡಿಯನ್ನೂ ಅದಕ್ಕೇ ಹೊಂದುವುದನ್ನು ಕೇಳಿ ತನ್ನಿ.